ನಮ್ಮ ಷಡ್ಡಕರ ದಂತಕಥೆ

ನನ್ನ ಷಡ್ಡಕರು ನೂರಿಪ್ಪತ್ತು ಜನರ ಮುಂದೆ ಬೇಕೆಂದೇ ಒಂದು ತಪ್ಪು ಮಾಡಿದರು. ಆ ತಪ್ಪು ಸಿಕ್ಕಿಬೀಳಲಿಲ್ಲ. ಅವರ ಮಾನ ಹೋದದ್ದು ಹೀಗೆ.

ಬಿಡಿಸಿ ಹೇಳುತ್ತೇನೆ. ಶನಿವಾರ ಮಧ್ಯಾಹ್ನ ಒಂದು ತರಬೇತಿ ಸಂಸ್ಥೆಯ ಸಭಾಂಗಣದಲ್ಲಿ ಅವರ ಉಪನ್ಯಾಸವಿತ್ತು. 'ರೂಬಿಯಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವುದು, ಪರೀಕ್ಷಿಸುವುದು: ಅನುಭವಿಯ ಕಿವಿಮಾತುಗಳು' ಎಂದು ಬಾಗಿಲಿಗೆ ದಪ್ಪಕ್ಷರದ ಕಾಗದ ಅಂಟಿಸಿದ್ದರು. ಮುಂದಿನ ಸಾಲಿನಲ್ಲಿ ನಾವು ಮನೆಮಂದಿ: ನನ್ನ ಹೆಂಡತಿ, ಆಕೆಯ ತಂಗಿ ಅಂದರೆ ಷಡ್ಡಕರ ಹೆಂಡತಿ, ಇಬ್ಬರನ್ನೂ ಹೆತ್ತ ನಮ್ಮ ಅತ್ತೆ, ಗೋಡೆ ಪಕ್ಕದ ಕುರ್ಚಿಯಲ್ಲಿ ನಾನು. ರೂಬಿ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ ಎಂದು ನನಗೆ ಹೇಗೋ ತಿಳಿದಿತ್ತು. ಅತ್ತೆಗೆ ತಿಳಿದಿರಲಿಲ್ಲ. ಚಿಕ್ಕ ಅಳಿಯ ಮಾಣಿಕ್ಯದ ವ್ಯವಹಾರ ಮಾಡುತ್ತಾರೆ, ಆದರೂ ಮಗಳ ಕಿವಿಯಲ್ಲಿ ಒಂದು ಕೆಂಪು ಹರಳೂ ಕಾಣುವುದಿಲ್ಲವಲ್ಲ ಎಂಬುದು ಅವರ ಬಹುಕಾಲದ ಕೊರಗು.

ಷಡ್ಡಕರು ಇಸ್ತ್ರಿ ಮಾಡಿದ ಅಂಗಿಯಲ್ಲಿ ವೇದಿಕೆ ಹತ್ತಿದರು. ಆಫೀಸಿನಲ್ಲಿ ಅವರಿಗೆ 'ಹಸಿರು ಸರ್' ಎಂಬ ಅಡ್ಡಹೆಸರು. ಕಾರಣವಿದೆ. ಅಪ್ಲಿಕೇಶನ್ ಸರಿಯಾಗಿ ನಡೆದುಕೊಳ್ಳುತ್ತಿದೆಯೇ ಎಂದು ನೋಡಲು ಅದರ ಜೊತೆಗೇ ಪುಟ್ಟ ಪುಟ್ಟ ಪರೀಕ್ಷೆಗಳನ್ನೂ ಬರೆದಿಡುತ್ತಾರೆ. ಎಲ್ಲ ಪಾಸಾದರೆ ಪರದೆಯ ಮೇಲೆ ಹಸಿರು, ಒಂದು ಫೇಲಾದರೂ ಕೆಂಪು. ಷಡ್ಡಕರ ಪರದೆ ನಾಲ್ಕು ವರ್ಷದಿಂದ ಹಸಿರು. 'ಟೆಸ್ಟ್ ಇಲ್ಲದೆ ರೆಸ್ಟ್ ಇಲ್ಲ' ಎಂಬುದು ಅವರ ಮಂತ್ರ. ಆಫೀಸಿನ ಗೋಡೆಯ ಮೇಲೆ ಅವರ ಹನ್ನೊಂದು ಸೂತ್ರಗಳು ಲ್ಯಾಮಿನೇಶನ್ ಆಗಿ ನೇತಾಡುತ್ತಿದ್ದವು. ಆ ಸೂತ್ರಗಳನ್ನೇ ಒಂದೊಂದಾಗಿ ಬಿಡಿಸಿ ಹೇಳುತ್ತಾ ಹೋದರು.

"ಪರೀಕ್ಷೆಯೊಳಗೆ ಇವತ್ತು ನಾಳೆ ಅಂತ ಬರೀಬೇಡಿ. ಒಂದು ತಾರೀಖು ಹಿಡಿದು ಕಟ್ಟಿಹಾಕಿ. ಇಲ್ದಿದ್ರೆ ತಿಂಗಳ ಕೊನೇ ದಿನ ಕೈಕೊಡುತ್ತೆ. ಪರೀಕ್ಷೆಗೆ ಅಂತ ಕಳಿಸೋ ಇಮೇಲು ನಿಜವಾದ ಜನಕ್ಕೆ ಹೋಗದ ಹಾಗೆ ಮೊದಲು ಬಾಗಿಲು ಹಾಕಿ. ಗಡಿಯಾರ ಬಿಚ್ಚಿ ಒಳಗಿನ ಹಲ್ಲುಚಕ್ರ ಎಣಿಸೋದಲ್ಲ, ಗಂಟೆ ಸರಿಯಾಗಿ ಹೊಡೀತಾ ಅಂತ ನೋಡಿ."

ಜನ ಬರೆದುಕೊಂಡರು. ಅತ್ತೆಯೂ ಚೀಲದಿಂದ ಔಷಧದ ಚೀಟಿ ತೆಗೆದು ಅದರ ಬೆನ್ನ ಮೇಲೆ 'ಗಡಿಯಾರ' ಎಂದು ಬರೆದುಕೊಂಡರು.

"ಈಗ ಒಂದು ಮಜಾ ತೋರಿಸ್ತೀನಿ," ಎಂದರು ಷಡ್ಡಕರು. ಪರದೆಯ ಮೇಲೆ ಅವರು ಕಟ್ಟಿದ ಹಲ್ಲಿನ ಆಸ್ಪತ್ರೆಯ ಅಪ್ಲಿಕೇಶನ್ ಬಂತು. ರೋಗಿಗಳು ಅದರಲ್ಲಿ ವೈದ್ಯರ ಸಮಯ ಕಾಯ್ದಿರಿಸುತ್ತಾರೆ, ಬೇಡವಾದರೆ ರದ್ದು ಮಾಡುತ್ತಾರೆ. "ರದ್ದು ಮಾಡಿದ ತಕ್ಷಣ ಆ ಸಮಯ ಇನ್ನೊಬ್ಬರಿಗೆ ಸಿಗ್ಬೇಕು. ಆ ಕೆಲಸ ಮಾಡೋ ಸಾಲು ಇದು. ಇದನ್ನ ಅಳಿಸ್ತೀನಿ. ನನ್ನ ಪರೀಕ್ಷೆ ಹೇಗೆ ಬೊಬ್ಬೆ ಹೊಡೆಯುತ್ತೆ ನೋಡಿ."

ಅಳಿಸಿದರು. ಪರೀಕ್ಷೆ ಓಡಿಸಿದರು. ಹಸಿರು.

"ಸೇವ್ ಮಾಡೋದು ಮರೆತೆ ಅನ್ಸುತ್ತೆ," ಎಂದು ಸೇವ್ ಮಾಡಿ ಮತ್ತೆ ಓಡಿಸಿದರು. ಹಸಿರು. ಇನ್ನೂ ನಾಲ್ಕು ಸಾಲು ಅಳಿಸಿದರು. ಹಸಿರು. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ರದ್ದು ಮಾಡುವ ಭಾಗವನ್ನೇ ಪೂರ್ತಿ ಗುಡಿಸಿಹಾಕಿದರು. ಪರದೆ ಹುಲ್ಲುಗಾವಲಿನ ಹಾಗೆ ನಗುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬ, "ಸರ್, ಆಸ್ಪತ್ರೇನೇ ಕೆಡವಿ ನೋಡಿ!" ಎಂದ. ಸಭೆ ಗೊಳ್ಳೆಂದಿತು. ಹಸಿರು ಬಂದರೆ ಒಳ್ಳೆಯದೆಂದು ಬರುವಾಗ ದಾರಿಯಲ್ಲಿ ಮಗಳು ಹೇಳಿಕೊಟ್ಟಿದ್ದರಿಂದ ಅತ್ತೆ ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು.

ನಾನು ಚಪ್ಪಲಿ ನೋಡಿಕೊಂಡು ಕುಳಿತೆ. ನಮ್ಮವರ ಮರ್ಯಾದೆ ಹೋಗುವಾಗ ನಮ್ಮದೇ ಚಪ್ಪಲಿ ಎಷ್ಟು ಆಸಕ್ತಿಕರವಾಗಿ ಕಾಣುತ್ತದೆಂದು ಅಂದು ಗೊತ್ತಾಯಿತು.

ಈ ಮನುಷ್ಯನ ಬಗ್ಗೆ ಎರಡು ಮಾತು ಇಲ್ಲೇ ಹೇಳಬೇಕು. ಅವರು ಕಂಪ್ಯೂಟರಿನವರಾಗಿ ಹುಟ್ಟಿದವರಲ್ಲ. ಮೂವತ್ತೈದನೆಯ ವಯಸ್ಸಿನವರೆಗೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಮುದ್ರಣಾಲಯ ಮುಚ್ಚಿತು. ಆರು ತಿಂಗಳು ಮನೆಯಲ್ಲೇ ಕೂತು ಒಂದು ದಪ್ಪ ಪುಸ್ತಕ ಇಟ್ಟುಕೊಂಡು ರೂಬಿ ಕಲಿತರು. ಕಲಿಯುವಾಗ ಆ ಪುಸ್ತಕದಲ್ಲಿದ್ದ ಹದಿನೇಳು ಅಚ್ಚಿನ ತಪ್ಪುಗಳನ್ನು ಪಟ್ಟಿ ಮಾಡಿ ಪ್ರಕಾಶಕರಿಗೆ ಕಳಿಸಿಯೂ ಬಿಟ್ಟರು. ಬೇರೆಯವರ ತಪ್ಪು ಅವರ ಕಣ್ಣಿಗೆ ತಾನಾಗಿ ಬಂದು ಬೀಳುತ್ತಿತ್ತು. ಮದುವೆ ಕರೆಯೋಲೆ ಕೈಗೆ ಕೊಟ್ಟರೆ ಹುಡುಗ ಹುಡುಗಿಯ ಹೆಸರಿಗಿಂತ ಮೊದಲು ಒತ್ತಕ್ಷರ ನೋಡುವ ಜಾತಿ. ಹಲ್ಲಿನ ಆಸ್ಪತ್ರೆಯ ಕೆಲಸ ಕೈಗೆ ಬಂದ ಮೇಲಂತೂ ಆಫೀಸಿನಲ್ಲಿ ಅವರೊಂದು ದಂತಕಥೆಯೇ ಆಗಿಹೋಗಿದ್ದರು. ಈ ಮಾತನ್ನು ನಾನು ಅವರೆದುರು ಅನೇಕ ಸಲ ಹೇಳಿದ್ದೇನೆ. ಮೊದಲ ಸಲ ನಕ್ಕಿದ್ದರು.

ಉಪನ್ಯಾಸ ಮುಗಿದ ಮೇಲೆ, ಮುಗಿಯಿತು ಅನ್ನುವುದಕ್ಕಿಂತ ಬಿದ್ದುಹೋದ ಮೇಲೆ, ನಾವಿಬ್ಬರೂ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಮಡಚುವ ಕುರ್ಚಿಗಳ ರಾಶಿಯ ನಡುವೆ ಕುಳಿತಿದ್ದೆವು. ಆಗ ಅವರ ಆಫೀಸಿನ ಒಬ್ಬ ಹೆಂಗಸು ಬಂದರು. ಮೊದಲು ನರ್ಸ್ ಆಗಿದ್ದು ಆಮೇಲೆ ಈ ಕಸುಬಿಗೆ ಬಂದವರಾದ್ದರಿಂದ ಆಫೀಸಿನಲ್ಲಿ ಅವರಿಗೆ ನರ್ಸಮ್ಮ ಎಂದೇ ಹೆಸರು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಷ್ಟೇ.

"ಸರ್, ಸ್ವಲ್ಪ ಲ್ಯಾಪ್‌ಟಾಪ್ ಕೊಡ್ತೀರಾ?" ಎಂದು ಕೇಳಿ ತೆಗೆದುಕೊಂಡರು. ಎರಡು ನಿಮಿಷ ನೋಡಿದರು. ಬಾಗಿಲು ಮುಚ್ಚಿ ಬಂದರು. ದನಿ ತಗ್ಗಿಸಿದರು. "ಸರ್, ನಿಮ್ಮ ಪರೀಕ್ಷೆ ಪಾಸೂ ಆಗಿಲ್ಲ, ಫೇಲೂ ಆಗಿಲ್ಲ. ಪರೀಕ್ಷೆಗೆ ಕೂತೇ ಇಲ್ಲ. ಹೆಸರು ಹಿಂದುಮುಂದಾಗಿದೆ."

ವಿಷಯ ಇಷ್ಟೇ. ರೂಬಿಯಲ್ಲಿ ಪ್ರತಿ ಪರೀಕ್ಷೆಗೂ ಒಂದು ಹೆಸರಿಡಬೇಕು. ಅವರು ಬಳಸುವ ಪದ್ಧತಿಯಲ್ಲಿ ಆ ಹೆಸರು 'ಟೆಸ್ಟ್' ಎಂಬ ಪದದಿಂದಲೇ ಶುರುವಾಗಬೇಕು. ಹಾಗೆ ಶುರುವಾದುದನ್ನು ಮಾತ್ರ ಯಂತ್ರ ಹೆಕ್ಕಿ ಓಡಿಸುತ್ತದೆ. ಮಿಕ್ಕದ್ದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ತಪ್ಪು ಅಂತಲೂ ಅನ್ನುವುದಿಲ್ಲ, ಕರೆಯದ ಮನೆಗೆ ಬಂದವರನ್ನು ಕಂಡೂ ಕಾಣದ ಹಾಗೆ ಇರುತ್ತದೆ. ಷಡ್ಡಕರೋ, ಕನ್ನಡದಲ್ಲಿ ಯೋಚಿಸಿ ರೂಬಿಯಲ್ಲಿ ಬರೆಯುವವರು. ನಾವು 'ಹಲ್ಲು ಕೀಳು' ಅನ್ನುತ್ತೇವೆ, 'ಕೀಳು ಹಲ್ಲು' ಎಂದರೆ ಅರ್ಥವೇ ಬೇರೆ. ವಸ್ತು ಮೊದಲು, ಕೆಲಸ ಕೊನೆಗೆ. 'ಸಮಯ ರದ್ದು ಟೆಸ್ಟ್', 'ರೋಗಿ ನೋಂದಣಿ ಟೆಸ್ಟ್', 'ಎರಡು ಸಲ ಬುಕಿಂಗ್ ಟೆಸ್ಟ್' ಎಂದು ನಾಲ್ಕು ವರ್ಷ ನಮ್ಮ ವ್ಯಾಕರಣಕ್ಕೆ ಒಂದಿಷ್ಟೂ ಚ್ಯುತಿ ಬಾರದ ಹಾಗೆ ಮುನ್ನೂರ ಹನ್ನೆರಡು ಹೆಸರುಗಳನ್ನು ಇಟ್ಟಿದ್ದರು. ಅಷ್ಟೂ ಒಂದು ಸಲವೂ ಓಡಿರಲಿಲ್ಲ. ಪರದೆಯ ಮೇಲೆ ನಾಲ್ಕು ವರ್ಷ ಕಂಡ ಹಸಿರು, ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಬರೆದಿಟ್ಟು ಹೋಗಿದ್ದ ನಲವತ್ತೊಂದು ಪರೀಕ್ಷೆಗಳದ್ದು. ಅವನನ್ನು ಇವರು ಮಾತುಮಾತಿಗೆ 'ಆ ಸೋಮಾರಿ' ಎಂದು ಕರೆಯುತ್ತಿದ್ದರು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಇಂಗ್ಲಿಷ್ ವಾಕ್ಯದಲ್ಲಿ ಪದ ಹಿಂದುಮುಂದಾದರೆ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಆಗ ಅದು ಹಿಂಸೆ ಅನಿಸಿತ್ತು.

"ಪಲ್ಸ್ ನೋಡಿದ್ದೀವಿ ಅಂದ್ಕೊಂಡಿದ್ವಿ ಸರ್," ಎಂದರು ನರ್ಸಮ್ಮ, "ಕೈಯೇ ಹಿಡಿದಿರಲಿಲ್ಲ." ಆಮೇಲೆ ಷಡ್ಡಕರ ಮುಖ ನೋಡಿ, "ನಾನು ಯಾರಿಗೂ ಹೇಳಲ್ಲ ಸರ್," ಎಂದು ಸೇರಿಸಿದರು. ಆ ಮಾತು ಮೊದಲಿನದಕ್ಕಿಂತ ಚುಚ್ಚಿತೇನೋ, ಷಡ್ಡಕರ ಕಿವಿಯ ತುದಿ ಮಾಣಿಕ್ಯದ ಬಣ್ಣಕ್ಕೆ ತಿರುಗಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಅವರ ಮನೆಯಲ್ಲಿ ಹೆಂಡತಿ ಜೊತೆಗೆ ಅತ್ತೆಯೂ ಇರುತ್ತಾರೆ, ಅಲ್ಲಿ ಕೂತು ಮಾಡುವ ಕೆಲಸವಲ್ಲ ಅದು. ಅಡಿಗೆಮನೆಯ ಮೇಜಿನ ಮುಂದೆ ಕೂತೆವು. ನಾನು ಪಟ್ಟಿ ಓದುತ್ತಾ ಹೋದೆ, ಅವರು ಹೆಸರುಗಳನ್ನು ತಲೆಕೆಳಗು ಮಾಡುತ್ತಾ ಹೋದರು. ಒಂದೇ ಆಜ್ಞೆಯಲ್ಲಿ ಎಲ್ಲ ಬದಲಾಯಿಸಬಹುದು ಎಂದು ಆಮೇಲೆ ತಿಳಿಯಿತು. ಅವರಿಗೆ ಗೊತ್ತಿತ್ತು. ಒಂದೊಂದನ್ನೂ ಕೈಯಾರೆ ತಿದ್ದಿದರು, ಮುದ್ರಣಾಲಯದ ದಿನಗಳ ಹಾಗೆ, ಶಿಕ್ಷೆಯ ಹಾಗೆ.

ಊಟದ ಹೊತ್ತಿಗೆ ಮುಗಿಯಿತು. ಓಡಿಸಿದರು. ಒಂದು ಕೆಂಪು, ಇನ್ನೊಂದು ಕೆಂಪು, ನಾಲ್ಕು ಹಸಿರು, ಮತ್ತೆ ಕೆಂಪು. ಕೊನೆಗೆ ಐವತ್ತೆಂಟು ಫೇಲು.

"ಎಲ್ಲಾ ದೊಡ್ಡ ತಪ್ಪಾ?" ಎಂದೆ.

"ಸಣ್ಣವೇ ಜಾಸ್ತಿ," ಎಂದರು. "ಹೆಸರಲ್ಲಿ ಖಾಲಿ ಜಾಗ ಬಿಟ್ರೆ ಒಬ್ಬರೇ ರೋಗಿ ಇಬ್ಬರಾಗೋದು, ಅಂಥವು." ಒಂದೊಂದಾಗಿ ಕೆಳಗೆ ಇಳಿಯುತ್ತಾ ಹೋದವರು ಒಂದು ಕಡೆ ನಿಂತುಬಿಟ್ಟರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

ರೋಗಿ ತಾನೇ ಅಪ್ಲಿಕೇಶನ್ನಿನಲ್ಲಿ ರದ್ದು ಮಾಡಿದರೆ ಆ ಸಮಯ ಇನ್ನೊಬ್ಬರಿಗೆ ಸಿಗುತ್ತಿತ್ತು. ಆದರೆ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ, ಸ್ವಾಗತದ ಮೇಜಿನವರು ರದ್ದು ಮಾಡಿದರೆ ಸಿಗುತ್ತಿರಲಿಲ್ಲ. ರೋಗಿ ಬರುತ್ತಿರಲಿಲ್ಲ, ಆದರೂ ಸಮಯ 'ಭರ್ತಿ' ಎಂದೇ ತೋರಿಸುತ್ತಿತ್ತು. ಹಲ್ಲುನೋವಿರುವವರು ಮಾತಾಡಲಾರರು, ಆದರೂ ಯಾಕೋ ಎಲ್ಲರೂ ಫೋನೇ ಮಾಡುತ್ತಾರೆ. ಈ ತಪ್ಪು ಆಗಬಾರದೆಂದು ಮೊದಲ ವರ್ಷವೇ ಷಡ್ಡಕರು ಪರೀಕ್ಷೆ ಬರೆದಿದ್ದರು. ಅಚ್ಚುಕಟ್ಟಾದ ಪರೀಕ್ಷೆ. ಒಂದೇ ಒಂದು ಸಲ ಓಡಿದ್ದರೆ ಕೂಗಿ ಹೇಳುತ್ತಿತ್ತು.

"ಅಣ್ಣ," ಎಂದರು, ನನ್ನ ಮುಖ ನೋಡದೆ. "ಅತ್ತೆ ಹಲ್ಲಿನ ಸೆಟ್ಟು."

ನನಗೂ ಹೊಳೆದದ್ದು ಆಗಲೇ. ಹೋದ ವರ್ಷ ಅತ್ತೆಗೆ ಎಲ್ಲ ಹಲ್ಲು ತೆಗೆದು ಹೊಸ ಸೆಟ್ಟು ಕೂರಿಸಬೇಕಿತ್ತು. ಕೂರಿಸುವ ದಿನ ಸಿಗಲು ಆರು ವಾರ ಹಿಡಿಯಿತು. ಆರು ವಾರ ಅವರು ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿಂದುಕೊಂಡು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದರು. ಫೋನ್ ಎತ್ತುತ್ತಿರಲಿಲ್ಲ, ಮಾತು ಪುಸುಪುಸು ಅನ್ನುತ್ತದೆಂದು. ಮೊಮ್ಮಗಳ ಶಾಲೆಯಲ್ಲಿ ಅಜ್ಜಿಯರು ಬಂದು ಕಥೆ ಹೇಳುವ ದಿನ ಒಂದಿತ್ತು. ಆ ಕೂಸು ಎರಡು ತಿಂಗಳಿಂದ ಕ್ಲಾಸಿಗೆಲ್ಲ ಹೇಳಿಕೊಂಡು ಬಂದಿತ್ತು. ಅತ್ತೆ ಹೋಗಲಿಲ್ಲ. ಕೊನೆಗೆ ನನ್ನನ್ನು ಕಳಿಸಿದರು. ಮೂವತ್ತು ಅಜ್ಜಿಯರ ನಡುವೆ ನಾನೊಬ್ಬ. ಅತ್ತೆ ಪ್ರತಿ ದಿನ ಚಿಕ್ಕ ಅಳಿಯನನ್ನು ಕೇಳುತ್ತಿದ್ದರು, ಜಾಗ ಬಂತಾ ಅಂತ. ಇವರು ಪರದೆ ತೋರಿಸಿ ಹೇಳುತ್ತಿದ್ದರು: "ಡಾಕ್ಟರಿಗೆ ಪುರಸೊತ್ತಿಲ್ಲ ಅತ್ತೆ. ಜನ ಸುಳ್ಳು ಹೇಳಬಹುದು, ಇದು ಸುಳ್ಳು ಹೇಳಲ್ಲ."

ಆಮೇಲೆ ಮಾತಾಡಿದವನು ನಾನು. ಏನಂದೆ ಎಂದು ಬರೆಯಲು ಈಗ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

"ಸರಿಮಾಡೋಕೆ ಎಷ್ಟು ಹೊತ್ತು ಬೇಕು?"

"ಇದೊಂದಕ್ಕಾ? ಒಂದು ಸಾಲು ಅಷ್ಟೇ."

"ಹಾಗಾದ್ರೆ ಇವತ್ತೇ ಸರಿಮಾಡಿ ಬಾಯಿ ಮುಚ್ಕೊಂಡಿರಿ. ನರ್ಸಮ್ಮ ಹೇಳಲ್ಲ ಅಂದಿದ್ದಾರೆ, ನಾನಂತೂ ಹೇಳಲ್ಲ. ಅತ್ತೆಗೆ ರೂಬಿ ಅಂದ್ರೆ ಕಲ್ಲು."

ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ಮನಸ್ಸಿನಲ್ಲಿ ಆಗಲೇ ಇದ್ದದ್ದನ್ನು ಇನ್ನೊಬ್ಬನ ಬಾಯಿಂದ ಕೇಳಿದವರ ನಾಚಿಕೆಯಿತ್ತು. ಆ ನಾಚಿಕೆ ಮೇಜು ದಾಟಿ ನನಗೂ ಹತ್ತಿತು. ಅವರು ಲ್ಯಾಪ್‌ಟಾಪ್ ಮುಚ್ಚಿ, ಊಟಕ್ಕೆ ನಿಲ್ಲದೆ ಹೊರಟುಹೋದರು. ಬಡಿಸಿದ ತಟ್ಟೆ ನೋಡಿ ನನ್ನ ಹೆಂಡತಿ ಕೇಳಿದಳು, "ಏನಂದ್ರಿ ಅವರಿಗೆ?" ಒಂದು ಶ್ಲೇಷೆ ಮಾಡಿ ಮಾತು ಹಾರಿಸಿದೆ. ಯಾವುದೆಂದು ನೆನಪಿಲ್ಲ. ಚೆನ್ನಾಗಿರಲಿಲ್ಲ ಎಂಬುದು ನೆನಪಿದೆ.

ಸೋಮವಾರ ಏನಾಯಿತೆಂದು ನನಗೆ ಹೇಳಿದವರು ನರ್ಸಮ್ಮ. ಹಸಿರು ಸರ್ ಎಲ್ಲರಿಗಿಂತ ಮುಂಚೆ ಬಂದು ಗೋಡೆಯ ಮೇಲಿನ ಹನ್ನೊಂದು ಸೂತ್ರಗಳನ್ನು ಬಿಚ್ಚಿ ಬೀರುವಿನ ಹಿಂದೆ ಇಟ್ಟಿದ್ದರು. ಹನ್ನೆರಡು ಜನರ ಬೆಳಗಿನ ಸಭೆಯಲ್ಲಿ ಎದ್ದು ನಿಂತು, "ನಾನು ಬರೆದ ಮುನ್ನೂರ ಹನ್ನೆರಡು ಪರೀಕ್ಷೆ ನಾಲ್ಕು ವರ್ಷದಲ್ಲಿ ಒಂದು ಸಲಾನೂ ಓಡಿಲ್ಲ. ಐವತ್ತೆಂಟು ತಪ್ಪು ಹಾಗೇ ಆಸ್ಪತ್ರೆಗೆ ಹೋಗಿವೆ," ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದರು ನರ್ಸಮ್ಮ. ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಾ, "ಆಸ್ಪತ್ರೆಯವರಿಗೆ ನೀವೇ ಹೇಳಿ," ಎಂದರಂತೆ.

ಹೇಳಲು ಹೋದರು. ದಂತವೈದ್ಯರು ಎಲ್ಲವನ್ನೂ ಕೇಳಿ ಕುರ್ಚಿಗೆ ಒರಗಿಕೊಂಡರು. "ಅದಕ್ಕೇನಾ! ಮಧ್ಯಾಹ್ನ ಎಷ್ಟೋ ಸಲ ಖಾಲಿ ಕೂತು ಪದಬಂಧ ಬಿಡಿಸ್ತಿದ್ದೆ. ಜನರ ಹಲ್ಲೆಲ್ಲ ಗಟ್ಟಿಯಾಗ್ತಿದೆ, ಇನ್ನು ನಾನು ಬೇರೆ ಕಸುಬು ನೋಡ್ಕೋಬೇಕು ಅಂದ್ಕೊಂಡಿದ್ದೆ ಕಣ್ರೀ," ಎಂದು ಗಟ್ಟಿಯಾಗಿ ನಕ್ಕರು. ಪಕ್ಕದ ಕೋಣೆಯಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ಹದಿನಾಲ್ಕು ಜನ ಗಾಜಿನಾಚೆಯಿಂದ ಇವರನ್ನೇ ನೋಡುತ್ತಿದ್ದರು. ಷಡ್ಡಕರಿಗೆ ಪ್ರತಿಯೊಂದು ಊದಿದ ಕೆನ್ನೆಯೂ ತಾನು ಊದಿಸಿದ್ದೆಂದೇ ಕಂಡಿತು.

ಉಳಿದವರು ಅತ್ತೆ. ಅವರಿಗೆ ಹೇಳುವ ದಿನ ನನ್ನನ್ನೂ ಬರಹೇಳಿದರು. ಯಾಕೆಂದು ಕೇಳಲಿಲ್ಲ, ಹೋದೆ. ಅತ್ತೆ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಸೌತೆಕಾಯಿ ಹೋಳನ್ನು ಕಟಕಟನೆ ಕಡಿಯುತ್ತಿದ್ದರು. ಹೊಸ ಹಲ್ಲಿನ ಮೇಲೆ ಅವರಿಗೆ ಭಾರಿ ಹೆಮ್ಮೆ. ಷಡ್ಡಕರು ನಿಂತುಕೊಂಡೇ ಹೇಳಿದರು. ರೂಬಿ, ಪರೀಕ್ಷೆ, ಹೆಸರು ಹಿಂದುಮುಂದು ಯಾವುದೂ ಬೇಡವೆಂದು ಬಿಟ್ಟು, "ಜಾಗ ಇತ್ತು ಅತ್ತೆ. ನನ್ನ ತಪ್ಪಿಂದ ಇಲ್ಲ ಅಂತ ತೋರಿಸ್ತಿತ್ತು," ಎಂದಷ್ಟೇ ಅಂದರು.

ಕಟಕಟ ನಿಂತಿತು.

"ಅಂದ್ರೆ, ಆ ಡಾಕ್ಟರು ಅಲ್ಲಿ ಸುಮ್ನೆ ಕೂತಿದ್ರು. ನಾನು ಇಲ್ಲಿ ಬ್ರೆಡ್ಡು ನೆನೆಸ್ಕೊಂಡು ಕೂತಿದ್ದೆ."

"ಹೌದು ಅತ್ತೆ."

"ಮಗು ಶಾಲೆಗೆ ಹೋಗಬಹುದಿತ್ತು ನಾನು."

"ಹೋಗಬಹುದಿತ್ತು."

"ಇವರನ್ನ ಕಳಿಸಿದ್ವಿ," ಎಂದು ನನ್ನತ್ತ ಗಲ್ಲ ಎತ್ತಿ ತೋರಿಸಿದರು. "ಪಾಪ, ಆ ಮಗು. ಇವರು ಅಲ್ಲಿ ಹೋಗಿ ಏನೋ ಪದದ ಆಟ ಆಡಿದ್ರಂತೆ, ಒಂದು ಮಗುಗೂ ಅರ್ಥ ಆಗಲಿಲ್ವಂತೆ."

ನಾನೂ ತಲೆ ತಗ್ಗಿಸಿದೆ. ನನ್ನ ಪಾಲಿನದು ಬರಬೇಕಿತ್ತು, ಬಂತು.

ಅತ್ತೆ ಮೇಜಿನ ಮೇಲಿನ ಲೋಟ ಹತ್ತಿರಕ್ಕೆ ಎಳೆದುಕೊಂಡು, ಹಲ್ಲಿನ ಸೆಟ್ಟನ್ನು ಮೇಲಿನದು ಕೆಳಗಿನದು ಎರಡನ್ನೂ ತೆಗೆದು ನೀರಿಗೆ ಹಾಕಿ, ಮುಖ ಕಿಟಕಿಗೆ ತಿರುಗಿಸಿದರು. ಇನ್ನು ಮಾತಿಲ್ಲ ಎಂದು ಹೇಳುವ ರೀತಿಗಳಲ್ಲಿ ಇಷ್ಟು ಸ್ಪಷ್ಟವಾದದ್ದನ್ನು ನಾನು ಕಂಡಿರಲಿಲ್ಲ. ಲೋಟದೊಳಗಿಂದ ಎರಡು ಸಾಲು ಹಲ್ಲು ನಮ್ಮಿಬ್ಬರನ್ನು ನೋಡಿ ನಗುತ್ತಿದ್ದವು. ಅಳಿಯಂದಿರಿಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆವು.

ಒಂಬತ್ತು ದಿನ ಅತ್ತೆ ಚಿಕ್ಕ ಅಳಿಯನೆದುರು ಹಲ್ಲು ಹಾಕಿಕೊಳ್ಳಲಿಲ್ಲ. ಹತ್ತನೆಯ ದಿನ ಹಾಕಿಕೊಂಡು, ದೀಪ ಆರಿಸೋದು ಮರೆತಿದ್ದೀರಿ ಎಂದು ಬೈದರು. ಅದನ್ನು ಕ್ಷಮೆ ಎಂದೇ ಮನೆಯವರು ತೆಗೆದುಕೊಂಡರು. ಆಫೀಸಿನಲ್ಲಿ ನರ್ಸಮ್ಮ, ಷಡ್ಡಕರು ಅಕ್ಕಪಕ್ಕ ಕೂತು ಐವತ್ತೆಂಟು ಕೆಂಪನ್ನೂ ಒಂದೊಂದಾಗಿ ಹಸಿರು ಮಾಡಿದರು. ಈಗ ಅಲ್ಲಿ ಹೊಸ ಪರೀಕ್ಷೆ ಬರೆದವರು ಮೊದಲು ಅದನ್ನು ಫೇಲು ಮಾಡಿ ತೋರಿಸಬೇಕು, ಕೆಂಪು ಕಂಡ ಮೇಲೇ ಹಸಿರಿನ ಮಾತು. ಆ ನಿಯಮವನ್ನು ಯಾರೂ ಲ್ಯಾಮಿನೇಶನ್ ಮಾಡಿಸಿಲ್ಲ.

ಕೊನೆಯ ಕೆಂಪು ಹೋದ ದಿನ ನಾನು ಆ ದಾರಿಯಲ್ಲೇ ಬಂದಿದ್ದೆ. ಅವರ ಮೇಜಿನ ಹಿಂದೆ ನಿಂತು ನೋಡಿದೆ. ಪರೀಕ್ಷೆ ಮುಗಿದ ಕೂಡಲೇ ಪರದೆಯ ಕೆಳಗೆ ಒಂದು ಸಾಲು ಬಂತು: ಓಡಿದವು ಮುನ್ನೂರ ಐವತ್ತಮೂರು, ಫೇಲು ಸೊನ್ನೆ. ಇಬ್ಬರೂ ಜೊತೆಯಲ್ಲಿ ಬಸ್‌ ನಿಲ್ದಾಣಕ್ಕೆ ನಡೆದೆವು. ಈ ಮನುಷ್ಯ ತಾನಾಗಿ ಎದ್ದು ನಿಂತು ಹೇಳಿದ್ದು ದೊಡ್ಡದು, ನಾನು ಮುಚ್ಚಿಡಿ ಅಂದದ್ದು ಸಣ್ಣದು ಎಂದು ಹೇಗಾದರೂ ಬಾಯಿಬಿಟ್ಟು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಗೊತ್ತಿಲ್ಲದೆ ಆದ ತಪ್ಪಿಗೆ ಇಷ್ಟು ಅನುಭವಿಸುವವರು ಎಷ್ಟು ಜನ? ಪೀಠಿಕೆಗೆಂದು ಸುಮ್ಮನೆ ಕೇಳಿದೆ.

"ಆ ಕೊನೇ ಸಾಲು ಯಾವಾಗಲೂ ಬರುತ್ತಾ?"

"ಪ್ರತಿ ಸಲಾನೂ ಬರುತ್ತೆ."

"ಅಂದ್ರೆ ನಾಲ್ಕು ವರ್ಷ ಅಲ್ಲಿ 'ಓಡಿದವು ನಲವತ್ತೊಂದು' ಅಂತಲೇ ಇತ್ತು. ಹದಿನೇಳು ಅಚ್ಚಿನ ತಪ್ಪು ಹಿಡಿದ ಕಣ್ಣು ನಿಮ್ದು. ಇದೊಂದು ಹೇಗೆ ಕಾಣ್ಲಿಲ್ಲ?"

ಅವರು ಬಸ್ಸು ಬರುವ ದಿಕ್ಕು ನೋಡಿದರು. ಬಸ್ಸು ಬರುತ್ತಿರಲಿಲ್ಲ.

"ಕಂಡಿತ್ತು ಅಣ್ಣ, ಎರಡನೇ ವರ್ಷ. ಆದ್ರೆ ಅವತ್ತು ಶುಕ್ರವಾರ ಸಾಯಂಕಾಲ, ಸೋಮವಾರ ನೋಡೋಣ ಅಂದ್ಕೊಂಡೆ."